ಇಳಿತದ ಹೊತ್ತು

ನೀರು ಇಳಿದಿದೆ. ಸೊಂಟಕ್ಕೆ ಬುಟ್ಟಿ ಕಟ್ಟಿ
ಅಘನಾಶಿನಿಯ ರಾಡಿಯಲ್ಲಿ ಬಳಚು ಹೆಕ್ಕುತ್ತಿದ್ದೇನೆ.
ಯಾವುದು ಚಿಪ್ಪು, ಯಾವುದು ಕಲ್ಲು, ಕಾಲ್ಬೆರಳಿಗೇ ತಿಳಿಯುತ್ತದೆ.
ಕಲ್ಲು ಸಿಕ್ಕಾಗೆಲ್ಲ ನಿಂತುಬಿಡುತ್ತೇನೆ, ಜಟ್ಟೂ,
ಅಂಗೈಯಲ್ಲಿ ತೂಗಿ ನೋಡುತ್ತೇನೆ:
ಇಷ್ಟೇ ಇದ್ದಿರಬೇಕು.

ಪಂಚನಾಮೆಯಲ್ಲಿ ‘ಅಪರಿಚಿತರು’ ಎಂದು ಬರೆದರು.
ಈ ಹೊಳೆಯಲ್ಲಿ ಅಪರಿಚಿತರು ಯಾರಿದ್ದಾರೆ?
ಕತ್ತಲಲ್ಲಿ ಕೆಮ್ಮಿದರೂ ಯಾವ ಮನೆಯವನೆಂದು ಹೇಳಬಲ್ಲೆ.

ನಮ್ಮವರು ಹೇಳುತ್ತಾರೆ: ಅವರು ದೋಣಿ ಸುಟ್ಟರು.
ಅವರು: ಅದಕ್ಕೂ ಮೊದಲು ನೀವು ಬಲೆ ಕೊಯ್ದಿರಿ.
ಬಲೆಗಿಂತ ಮೊದಲು ಮೆರವಣಿಗೆಯ ದಾರಿ,
ದಾರಿಗಿಂತ ಮೊದಲು ಒಂದು ಬಾವಿಯ ಹಗ್ಗ.
ಅದರ ಹಿಂದೆ ಏನಿತ್ತು ಎಂದರೆ
ಬೀರಜ್ಜ ಬೊಚ್ಚು ಬಾಯಲ್ಲಿ
‘ಎಂತದೋ ಒಂದು ಮೀನು’ ಅನ್ನುತ್ತಾನೆ. ‘ದೊಡ್ಡದೇನಲ್ಲ.’

ಪ್ರತಿ ಸಲವೂ ಶಾಂತಿ ಸಭೆ. ಚಹಾ, ಬಿಸ್ಕೀಟು,
ಕೈ ಕೈ ಹಿಡಿದು ಫೋಟೋ.
ನಿನ್ನ ಹದಿಮೂರನೇ ದಿನವೂ ಒಂದಿತ್ತು.
ನನಗೆ ಮುಂದಿನ ಸಾಲಿನ ಕುರ್ಚಿ.

ಯಾರಿಗೂ ಹೇಳದ್ದು ಒಂದಿದೆ.
ಆ ಸಂಜೆ ನೀನು ಕೆಟ್ಟ ಟಾರ್ಚು ಬಿಚ್ಚಿಕೊಂಡು ಮನೆಯಲ್ಲೇ ಕೂತಿದ್ದೆ.
ಜಟಕನ ಕಟ್ಟೆಗೆ ದೀಪವಿಡದೆ ಎರಡು ದಿನವಾಯ್ತು, ಹೋಗು ಅಂದೆ.
‘ನಾಳೆ’ ಅಂದೆ ನೀನು.
ನಾಳೆಯವರೆಗೆ ದೇವರು ಕಾಯುತ್ತಾನೇನೋ ಎಂದು ಬೈದು ಕಳಿಸಿದೆ.
ಎಣ್ಣೆಯ ಶೀಶೆ ಒಡೆದಿರಲಿಲ್ಲ.
ಅದನ್ನು ಒರೆಸಿ ತಂದುಕೊಟ್ಟರು.

ಜಟಕಾ, ಅವನಿಗೆ ನಿನ್ನದೇ ಹೆಸರು.
ಹುಟ್ಟಿದಾಗ ಉಸಿರಿರಲಿಲ್ಲ. ಕೋಳಿ ಹೇಳಿಕೊಂಡೆ, ಅತ್ತ.
ಕೊಟ್ಟವನು ನೀನೆಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಸಾರಿದೆ.
ಈಗ ಏನೆಂದು ಹೇಳಲಿ?
ಆಗ ನೀನು ಬೇರೆ ಕಡೆ ನೋಡುತ್ತಿದ್ದೆಯಾ,
ಇಲ್ಲಾ, ಅಲ್ಲಿದ್ದದ್ದು ಬರೀ ಕಲ್ಲೇ ಆಗಿತ್ತಾ,
ಅವನ ಹಣೆಗೆ ಬಿದ್ದಂಥದೇ, ಸ್ವಲ್ಪ ದೊಡ್ಡದು,
ಕುಂಕುಮ ಹಚ್ಚಿದ್ದು?

ನಾಲ್ಕು ಮಾರು ಆಚೆ ಜುಲೇಖಾಬಿ ಬಗ್ಗಿದ್ದಾಳೆ.
ಹಿಂದಿನ ಗಲಾಟೆ ಅವಳದು, ಇದು ನನ್ನದು.
ಅವಳ ಮಗ ಹೋದಾಗ ನಾನು ಅತ್ತ ಕಾಲಿಡಲಿಲ್ಲ.
‘ಅವನೇನು ಸುಮ್ಮನಿದ್ದನೇ’ ಅಂದಿದ್ದೆ,
ಗಾಳಿ ಆ ಕಡೆಗೇ ಬೀಸುತ್ತಿತ್ತು.

ಬಾಂಗು ಕೇಳಿದರೆ ರಾಡಿಯಲ್ಲೇ ಸೆರಗು ತಲೆಗೆಳೆದು
ಒಂದು ಗಳಿಗೆ ನಿಲ್ಲುತ್ತಿದ್ದಳು ಮೊದಲು.
ಈಗ ಎದ್ದು ನಿಲ್ಲುವುದಿಲ್ಲ. ಹೆಕ್ಕುತ್ತಲೇ ಇರುತ್ತಾಳೆ.
ಕೇಳಬೇಕೆನಿಸುತ್ತದೆ: ನಿನ್ನವನಾದರೂ ಉತ್ತರ ಕೊಟ್ಟನಾ?
ಕೇಳುವುದಿಲ್ಲ. ಕೊಟ್ಟ ಅಂದುಬಿಟ್ಟರೆ
ತಡೆದುಕೊಳ್ಳಲಾರೆ.

ಮೊಣಕಾಲಿಗೆ ಭರತ ಬಂತು. ಅವಳು ಆ ದಡಕ್ಕೆ, ನಾನು ಈ ದಡಕ್ಕೆ.
ಶೀಶೆ ಇನ್ನೂ ಮಾಡಿನ ಸಂದಿಯಲ್ಲಿದೆ, ಮುಕ್ಕಾಲು ಎಣ್ಣೆ.
ತಲೆಗೂ ಹಚ್ಚಿಲ್ಲ, ದೀಪಕ್ಕೂ ಹೊಯ್ದಿಲ್ಲ.

ತಕ್ಕಡಿಯವನು ಬುಟ್ಟಿಯಲ್ಲಿ ಕೈಯಾಡಿಸಿ
‘ಎಂತ ಮಾರಾಯ್ತಿ, ಕಲ್ಲನ್ನೂ ತೂಗಲಿಕ್ಕೆ ತಂದೆಯಾ’ ಎಂದು
ಒಂದನ್ನು ಎತ್ತಿ ರಸ್ತೆಯಾಚೆ ಎಸೆಯುತ್ತಾನೆ.

ಯಾರಿಗಾದರೂ ತಾಗಿತೇ ಎಂದು
ಎದ್ದು ನಿಂತು ನೋಡುತ್ತೇನೆ.