ಮೊಯ್ದುವಿನ ಲೆಕ್ಕ

ಗೋಣಿಕೊಪ್ಪದ ಶೆಡ್ಡಿನಲ್ಲಿ ಮೊಯ್ದು
ನನ್ನ ಹಳೇ ಝೆನ್ನಿನ ಮೂತಿ ಒತ್ತಿ ಬಿಟ್ಟ.
ಮೂರು ಸಲ ತಲೆಯಾಡಿಸಿತು.
"ಒಂದು ಸಲ ಸಾಕು. ಇದು ಎಲ್ಲದಕ್ಕೂ ಹೂಂ ಅನ್ನುತ್ತೆ."

ಕೈಲಿದ್ದದ್ದು ಆರೂವರೆ ಸಾವಿರ.
"ಹೊಸ ಸ್ಪ್ರಿಂಗಿನ ಆಸೆ ಬಿಡಿ."
ಮುಂದಕ್ಕೆ ಮಾತ್ರ ಹೊಸ ಶಾಕ್ ಅಬ್ಸಾರ್ಬರು,
ಗುಜರಿಯಿಂದೊಂದು ದಪ್ಪ ರಾಡು,
ಹರಿದ ಬುಷ್ಷುಗಳ ಜಾಗಕ್ಕೆ ಕಪ್ಪಗೆ ಮಿನುಗುವ ಬುಷ್ಷು.
ಡಿಕ್ಕಿಯಲ್ಲಿ ಮರೆತಿದ್ದ ಎರಡು ಚೀಲ ಸುಣ್ಣ
ಇಳಿಸಿದ್ದಕ್ಕೆ ದುಡ್ಡು ಮುಟ್ಟಲಿಲ್ಲ;
ಅರ್ಧ ರಿಪೇರಿ ಅದೇ, ಅಂದ.

ಸಂಜೆ ಪೆರುಂಬಾಡಿ ದಾಟಿ
ಮಾಕುಟ್ಟದ ಮೊದಲ ತಿರುವಿಗೇ
ಅಭ್ಯಾಸಕ್ಕೆ ಬಿದ್ದು ವಾಲಿದೆ ನಾನು.
ಕಾರು ವಾಲಲಿಲ್ಲ.

ಹೊಂಡಗಳು ಮಾತ್ರ ಒಂದೊಂದೂ
ಸೊಂಟದವರೆಗೆ ಬಂದು ಹೆಸರು ಹೇಳಿದವು.
ಹದಿನಾಲ್ಕು ವರ್ಷ ಓಡಾಡಿದ ರಸ್ತೆ,
ಇವತ್ತು ಮಾತಿಗೆ ಸಿಕ್ಕಿತು.

ಬುಷ್ಷಿನ ಬಾಕಿ ಮುನ್ನೂರು
ಮೊಯ್ದುವಿಗೆ ಇನ್ನೂ ಕೊಟ್ಟಿಲ್ಲ.