ಬಾವಿ ಎಡಕ್ಕಿತ್ತು

ಶನಿವಾರದ ಕೊನೆಯ ಪೀರಿಯಡ್ಡು ಚಿತ್ರಕಲೆಗೆ.
ಅದರಲ್ಲೂ ಅರ್ಧವನ್ನು ಗಣಿತದವರು ಕಡ ಪಡೆಯುತ್ತಿದ್ದರು,
ತಿರುಗಿ ಕೊಟ್ಟದ್ದು ನೆನಪಿಲ್ಲ.
ಮಾಜಾಳೀಕರ ಮಾಸ್ತರು ಅಷ್ಟು ಹೊತ್ತು ಹೊರಗೆ ನಿಂತು
ಸೀಮೆಸುಣ್ಣದ ತುಂಡನ್ನು ಉಗುರಿನಲ್ಲೇ ಚೂಪು ಮಾಡುತ್ತಿದ್ದರು,
ಯಾರ ಮೇಲೂ ಸಿಟ್ಟಿಲ್ಲದವರ ಹಾಗೆ.

ಮೇಜಿನ ಮೇಲೆ ಒಂದು ತಂಬಿಗೆ, ಎರಡು ಬಾಳೆಹಣ್ಣು.
‘ನೋಡಿ’ ಎನ್ನುತ್ತಿದ್ದರು. ಪಾಠ ಅಷ್ಟೇ.
ಅವರು ಕಿಟಕಿಯತ್ತ ತಿರುಗಿದಾಗ ಹಣ್ಣು ಯಾರದೋ ಹೊಟ್ಟೆ ಸೇರಿತು.
ನಾನು ಕಂಡದ್ದನ್ನೇ ಬರೆದೆ: ತಂಬಿಗೆ, ಪಕ್ಕದಲ್ಲಿ ಎರಡು ಸಿಪ್ಪೆ.
ಹತ್ತಕ್ಕೆ ಏಳು ಕೊಟ್ಟರು.
ಆ ಶಾಲೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಅಂಕ.

ನೀಲಿ ಬಣ್ಣಕ್ಕೆ ಶಾಲೆಯಲ್ಲಿ ದುಡ್ಡಿರಲಿಲ್ಲ.
ಕಾರವಾರದ ಮಕ್ಕಳು, ಎಲ್ಲರಿಗೂ ನೀಲಿಯೇ ಬೇಕು.
ಬಿಳಿ ಅಂಗಿಗೆ ಹಾಕುವ ನೀಲಿಪುಡಿ,
ಗೇರುಮರದ ಅಂಟು, ಒಂದಿಷ್ಟು ಬಿಸಿನೀರು,
ತೆಂಗಿನ ಚಿಪ್ಪಿನಲ್ಲಿ ಕಲಸಿ ಹಂಚುತ್ತಿದ್ದರು.
ಜಿರಲೆಯೂ ಮುಟ್ಟದ ಸಮುದ್ರ ಅದು.

ಅವರಪ್ಪ ಕೋಡಿಬಾಗದಲ್ಲಿ ದೋಣಿಗೆ ಗೇರೆಣ್ಣೆ ಬಳಿಯುವವ.
ಮಗ ಬೆಳಗಾವಿಗೆ ಹೋಗಿ ಚಿತ್ರ ಕಲಿತ;
ಖಾನಾವಳಿಯ ಗೋಡೆಗೆ ಅನ್ನಪೂರ್ಣೆಯನ್ನು ಬರೆದು
ಎರಡು ವರ್ಷದ ಊಟದ ಬಾಕಿ ತೀರಿಸಿದ.
ನೌಕರಿ ಸಿಕ್ಕ ಮೇಲೂ ಬೋಟಿನ ಹೆಸರು, ನಾಟಕದ ಪರದೆ,
ಚುನಾವಣೆ ಬಂದರೆ ಎಲ್ಲ ಪಕ್ಷದ ಗೋಡೆ.
ಒಂದು ಬೋಟಿಗೆ ಮುಂಭಾಗದಲ್ಲಿ ಕಣ್ಣು ಬರೆದುಕೊಟ್ಟರು.
‘ಇದು ಯಾರ ಕಣ್ಣು ಮಾಸ್ತರೇ?’ ಎಂದ ತಾಂಡೇಲ.
ಮದುವೆಯಾಗದ ಮಾಸ್ತರು ಬ್ರಶ್ಶು ಒರೆಸಿಕೊಂಡರು.

ಭಾನುವಾರ ಮಾತ್ರ ಸ್ವಂತದ್ದು.
ಸೈಕಲ್ಲಿಗೆ ಹಲಗೆ ಕಟ್ಟಿಕೊಂಡು ಹೊನ್ನೆಗುಂಡಿಯ ದಂಡೆಗೆ.
ಮೂವತ್ತು ಮನೆ, ಒಂದು ಬಾವಿ, ಒಣಗಲು ಹರಡಿದ ಬಂಗಡೆ.
ಇಪ್ಪತ್ತು ವರ್ಷ ಅದನ್ನೇ ಬರೆದರು.

ಆಮೇಲೆ ಹೊನ್ನೆಗುಂಡಿ ನೌಕಾನೆಲೆಯ ಗೋಡೆಯೊಳಗಾಯಿತು.
ಟ್ರಕ್ಕಿನಲ್ಲಿ ಹೆಂಚು, ಬಲೆ, ತುಳಸಿಕಟ್ಟೆಯ ಕಲ್ಲು.
ಊರಿನ ಫೋಟೋ ಯಾರಲ್ಲೂ ಇರಲಿಲ್ಲ;
ಮದುವೆಯ ಫೋಟೋದಲ್ಲೂ ಬೆನ್ನ ಹಿಂದೆ
ಸ್ಟುಡಿಯೋದವನ ಕಾಶ್ಮೀರ.

ನಿವೃತ್ತಿಯ ದುಡ್ಡಿನಲ್ಲಿ ಮಾಸ್ತರು ಮೂರು ದಿನಕ್ಕೆ ಹಾಲ್ ಹಿಡಿದರು.
ನಲವತ್ತೆರಡು ಚಿತ್ರ. ಉದ್ಘಾಟಕರು ಬರಲಿಲ್ಲ.
ಎರಡನೇ ದಿನ ಪುನರ್ವಸತಿ ಕಾಲನಿಯಿಂದ
ಒಂದು ಟೆಂಪೋ ತುಂಬ ಜನ. ಟೆಂಪೋ ನನ್ನದೇ.

ಸೋಮಿ ಹರಿಕಂತ್ರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಳು.
‘ಬಾವಿ ಎಡಕ್ಕಿತ್ತು.’
‘ಚಿತ್ರದ ತೂಕ ಸರಿಹೋಗಲಿ ಅಂತ ಬಲಕ್ಕೆ ತಂದೆ ಬಾಯಿ.’
‘ತೂಕ ನಿಮ್ದು. ನೀರು ಸೇದಿದವಳು ನಾನು.’

ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು.
ಆಮೇಲೆ ಗಾಜು ಕಳಚಿ ಒದ್ದೆ ಸ್ಪಂಜು ಒತ್ತಿದರು.

ಅಲ್ಲಿಂದ ಯಾರೂ ಬಿಡಲಿಲ್ಲ.
ನಮ್ಮ ಮಾಡಿನ ಮೂರು ಹೆಂಚು ಒಡೆದಿದ್ದವು.
ನಾಯಿ ಎಲ್ಲಿ?
ಆ ಮರ ಇಷ್ಟು ಚಂದ ಇರಲಿಲ್ಲ ಮಾಸ್ತರೇ.
ಕಡಲಿಂದ ಬಾರದ ತಮ್ಮನನ್ನು ದೋಣಿಯಂಚಿಗೆ ಕೂರಿಸಿ ಎಂದ ಒಬ್ಬ;
ತಲೆಗೆ ಟೊಪ್ಪಿಯೋ ಟವೆಲೋ,
ಅಣ್ಣತಮ್ಮಂದಿರಲ್ಲೇ ಜಗಳ.
ನಡುಗುವ ಕೈಯಲ್ಲಿ ಮಾಸ್ತರು ಟವೆಲು ಬರೆದರು,
ಮತ್ತೆ ಟೊಪ್ಪಿ ಬರೆದರು.

ಸಂಜೆ ಧಾರವಾಡದಿಂದ ಬಂದಿದ್ದ ವಿಮರ್ಶಕರು
ನಾಯಿಗಳನ್ನು ಎಣಿಸಿ, ಚಹಾ ಕುಡಿದು ಹೋದರು.
ಒಂದೂ ಮಾರಾಟವಾಗಲಿಲ್ಲ.
ಸೋಮಿ ಮಾತ್ರ ತನ್ನದನ್ನು ಗೋಡೆಯಿಂದ ಇಳಿಸಿಕೊಂಡೇ ನಡೆದಳು,
ಕೇಳಲಿಲ್ಲ. ಅವರೂ ಬೇಡವೆನ್ನಲಿಲ್ಲ.

ಟೆಂಪೋದಲ್ಲಿ ನನ್ನ ಪಕ್ಕ, ತೊಡೆಯ ಮೇಲೆ ಕಾಗದ.
ಅಳಿಸಿದ ಬಾವಿಯ ಕಲೆ ಬಲಕ್ಕೆ ಹಾಗೇ ಇತ್ತು.
ಬಿಣಗಾ ದಾಟಿ, ಗೋಡೆ ಶುರುವಾಗುವಲ್ಲಿ
ನಾನು ರೂಢಿಯಂತೆ ಗೇರು ಬದಲಿಸಹೋದೆ.

‘ನಿಧಾನ ಹೊಡಿ’ ಅಂದಳು.
‘ಬಾವಿ ಇನ್ನೂ ಹಸಿ ಇದೆ.’