ಧೂಳು ತೆಗೆಯುವ ಗುಂಡಿ

ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ ಇಟ್ಟಳು
ಪಕ್ಕದ ಮನೆಯ ವಿನಿಫ್ರೆಡ್ ಸ್ಟಾಥರ್.
ಮುಚ್ಚಳ ತೆಗೆದರೆ ವಿನೆಗರ್ ವಾಸನೆ.
ಹುಳಿ ಬಂದಿದೆ ಫಿಲ್ಮು, ಎಂದೆ.
ನಮ್ಮ ಫ್ರ್ಯಾಂಕ್ ಬದುಕಿದ್ದಾಗಲೂ ಹಾಗೇ ಇದ್ದ, ಎಂದಳು.

ಆರಾರು ಚೌಕದ ನಲವತ್ತೊಂದು ಪಟ್ಟಿ.
ಅಣ್ಣ ಬಂದರಿನಲ್ಲಿ ಮಂಜುಗಡ್ಡೆ ಒಡೆಯುವವನು;
ಸಂಬಳದ ದಿನ ಒಂದು ರೀಲು ಕೊಳ್ಳುವನು,
ತೊಳೆಸುವನು, ಪ್ರಿಂಟು ಮಾತ್ರ ಹಾಕಿಸನು.
ದುಡ್ಡಿಲ್ಲದೆಯೋ, ಬೇರೆ ಏನಾದರೂ ಇತ್ತೋ.

ಮೂವತ್ತೊಂದು ವರ್ಷ ಈ ಊರಿನ ಆಸ್ಪತ್ರೆಯಲ್ಲಿ
ಎಕ್ಸ್-ರೇ ತೆಗೆದವಳು ನಾನು.
ಹಲ್ ಪಟ್ಟಣದ ಅರ್ಧ ಜನರ ಮೊಣಕಾಲು ನನಗೆ ಪರಿಚಯ.
ಕಪ್ಪೆಂದರೆ ಗಾಳಿ, ಬಿಳಿಯೆಂದರೆ ಎಲುಬು,
ತಿರುವುಮುರುವು ಓದಿಯೇ ಅನ್ನ ಉಂಡವಳು.
ಅದಕ್ಕೇ ಬಂದಿದ್ದಾಳೆ.
ಕಣ್ಣಿನ ನಟ್ಟನಡುವೆ ಕಲೆ, ವರಿ,
ದೊಡ್ಡದು ಮಾಡಿಕೊಡು, ಅಂಚಿನಿಂದ ನೋಡಿಕೊಳ್ಳುತ್ತೇನೆ.
(ವಾರಿಜಾ ಎನ್ನಲು ಬಾರದು ಅವಳಿಗೆ, ವರಿ ಎನ್ನುತ್ತಾಳೆ.
ಚಿಂತೆ ಎಂದರ್ಥ. ಇರಲಿ, ತಪ್ಪೇನಿಲ್ಲ.)

ಮೂರು ವಾರ ಸ್ಕ್ಯಾನರ್ ಹುಡುಕಿದೆ
ಗಂಡು ಹುಡುಕಿದ ಹಾಗೆ.
ಜಾತಕದಲ್ಲಿ ಎಲ್ಲರದೂ ರಾಜಯೋಗವೇ.

ಚಪ್ಪಟೆ ಗಾಜಿನದು, ನೂರೆಂಬತ್ತು ಪೌಂಡು;
ಬಿಲ್ಲಿಗೂ ಸೈ, ಪಾಸ್‌ಪೋರ್ಟಿಗೂ ಸೈ, ಫಿಲ್ಮಿಗೂ ಸೈ.
ಎಲ್ಲಕ್ಕೂ ಆಗುವವರು ಯಾವುದಕ್ಕೂ ಪೂರಾ ಆಗುವುದಿಲ್ಲ,
ವಾರ್ಡಿನಲ್ಲಿ ಕಂಡದ್ದೇ.
ಗಾಜಿಗೆ ಫಿಲ್ಮು ತಾಗಿದಲ್ಲಿ
ನೀರಿಗೆ ಬಿದ್ದ ಎಣ್ಣೆಯಂತೆ ಬಳೆ ಬಳೆ.

ಎರಡನೆಯದು ಹೊಸದು, ಟೋಸ್ಟರಿನಷ್ಟು.
ಇಂಚಿಗೆ ಏಳು ಸಾವಿರ ಚುಕ್ಕಿ ಎಂದು
ಹಣೆಯ ಮೇಲೇ ಬರೆದುಕೊಂಡಿದೆ.
ಅಳೆದು ನೋಡಿದವರು ಅರ್ಧ ಬೊಗಳೆ ಎನ್ನುತ್ತಾರೆ.

ಮೂರನೆಯದು ಬೆವರ್ಲಿಯ ಹಲ್ಲಿನ ಡಾಕ್ಟರರ ಅಟ್ಟದಲ್ಲಿ
(ಊರು ಹಲ್, ಹಲ್ಲಿನವರು ಇನ್ನೆಲ್ಲೋ).
ಇಪ್ಪತ್ತೆರಡು ವರ್ಷದ ಯಂತ್ರ,
ಹೆತ್ತ ಕಂಪನಿಯೇ ಕೈತೊಳೆದುಕೊಂಡಿದೆ.
ಕತ್ತಲ ಹಿಂದಿನ ಕತ್ತಲನ್ನೂ ಬಿಡಿಸಿ ತೋರಿಸುತ್ತದೆ,
ಆದರೆ ತನ್ನ ಓರಗೆಯ ಕಂಪ್ಯೂಟರಿನ ಜೊತೆ ಬಿಟ್ಟು
ಬೇರೆ ಯಾರೊಂದಿಗೂ ಮಾತಾಡುವುದಿಲ್ಲ.
ಆನೆ ಕೊಂಡ ಮೇಲೆ ಅಂಕುಶಕ್ಕೆ ಚೌಕಾಸಿಯೇ?
ಎರಡನ್ನೂ ತಂದೆ ಬಸ್ಸಿನಲ್ಲಿ,
ಒಂದು ತೊಡೆಯ ಮೇಲೆ, ಒಂದು ಪಕ್ಕದ ಸೀಟಿನಲ್ಲಿ.

ಅದರಲ್ಲೊಂದು ಗುಂಡಿ: ಧೂಳು ತೆಗೆ.
ಕಾಣದ ಕೆಂಪು ಬೆಳಕು ಹಾಯಿಸಿ
ದಾರಿಗೆ ಅಡ್ಡ ಬಂದದ್ದನ್ನೆಲ್ಲ ಧೂಳೆಂದು ಅಳಿಸುತ್ತದೆ.
ಕಪ್ಪುಬಿಳುಪಿಗೆ ಒತ್ತಬೇಡ ಎಂದಿದ್ದರು ಡಾಕ್ಟರು.
ಕೇಳಬೇಕಲ್ಲ ನಾನು.

ಮೀನು ಸೀಳುವ ಹೆಂಗಸರ ಸಾಲು,
ಒತ್ತಿದೆ.
ಮೂಗು ಹೋಯಿತು, ಏಪ್ರನ್ನಿನ ಮಡಿಕೆ ಹೋಯಿತು,
ನಗುತ್ತಿದ್ದವಳ ಬಾಯಿ ಮೇಣದಂತೆ ಹರಿಯಿತು.
ಆ ಫಿಲ್ಮಿನಲ್ಲಿ ಚಿತ್ರವೆಂದರೆ ಬೆಳ್ಳಿಯ ಕಣ.
ಬೆಳಕಿಗೆ ಬೆಳ್ಳಿಯೂ ಅಡ್ಡ, ಧೂಳೂ ಅಡ್ಡ;
ಯಂತ್ರ ಯಾವ ಭೇದವನ್ನೂ ಮಾಡದೆ
ಗುಡಿಸಿಹಾಕಿತು ಮನುಷ್ಯರನ್ನು.

ಗುಂಡಿಯ ಮೇಲೆ ಟೇಪು ಅಂಟಿಸಿದೆ.
ಈಗ ಕುಂಚ, ಗಾಳಿ ಊದುವ ರಬ್ಬರ್ ಬುರುಡೆ,
ಒಂದು ಚೌಕಕ್ಕೆ ನಾಲ್ಕು ನಿಮಿಷದ ಗೊರಗೊರ.
ಉಳಿದ ಗೀರು ಉಳಿಯಲಿ.

ವಿನಿಫ್ರೆಡ್ ಕೋಳಿಯ ಹಾಗೆ
ಕೊರಳು ವಾರೆ ಮಾಡಿ ಪರದೆ ನೋಡುತ್ತಾಳೆ.
ನಾನು ನಡುವಿನ ದೋಣಿ ನೋಡುತ್ತಿದ್ದೆ,
ಹಗ್ಗದ ಗಂಟಿನ ಎಳೆ ಎಣಿಸುತ್ತಾ, ಬೀಗುತ್ತಾ.
ಇವಳು ಇಲ್ಲೂ ಇದ್ದಾಳೆ, ಎಂದಳು.
ಯಾರು?
ಹಿಂದಿನದರಲ್ಲೂ ಇದ್ದಳು. ಅಂಚಿನಲ್ಲಿ. ಹಸಿರು ಸ್ಕಾರ್ಫು.
ಕಪ್ಪುಬಿಳುಪಿನಲ್ಲಿ ಹಸಿರು ಹೇಗೆ ಗೊತ್ತು, ಎಂದೆ.
ಅವಳು ಉತ್ತರಿಸಲಿಲ್ಲ.

ಹಿಂದಕ್ಕೆ ಹೋದೆವು. ಏಳು ಪಟ್ಟಿಯಲ್ಲಿ
ಹತ್ತೊಂಬತ್ತು ಸಲ ಅದೇ ಹೆಂಗಸು,
ಭುಜ ಕತ್ತರಿಸಿ, ಕೆಲವೊಮ್ಮೆ ಬರೀ ಮೊಣಕೈ,
ಒಮ್ಮೆಯೂ ನಡುವೆ ಇಲ್ಲ.

ಮೂಳೆಯ ಕೂದಲೆಳೆ ಬಿರುಕು ಹಿಡಿದ ಈ ಕಣ್ಣಿಗೆ
ಹತ್ತೊಂಬತ್ತು ಸಲವೂ ತಪ್ಪಿಹೋಗಿದ್ದಳು.

ಚಹಾ ಆರಿತ್ತು. ವಿನಿಫ್ರೆಡ್ ಕೋಟು ತೊಟ್ಟಳು,
ಒಂದು ತೋಳು, ಬಹಳ ಹೊತ್ತಿನ ಮೇಲೆ ಇನ್ನೊಂದು.
ನಾಳೆ ಎಂಟನೆಯ ಪಟ್ಟಿ, ಎಂದಳು ಬಾಗಿಲಲ್ಲಿ,
ಆಮೇಲೆ ಡಬ್ಬಿ ವಾಪಸು ಕೊಡು, ವರಿ,
ಒಳ್ಳೆಯ ಡಬ್ಬಿ ಅದು.